ಮುಂದಿನ ಪುಸ್ತಕ ಯಾವುದು?

ಕೆಲವು ತಿಂಗಳುಗಳಿಂದ ನಮಗೆ ಬರುತ್ತಿರುವ ಕಾಗದಗಳಲ್ಲಿ ಒಂದು ಪ್ರಶ್ನೆ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿರುವುದು. ಮಾಟಮಂತ್ರ, ಕಾಣದ ಲೋಕ, ನಕ್ಷತ್ರಯಾನ, ಇನ್ನೂ ಬಾರದ ಕಾಲ ಇಂಥವುಗಳನ್ನು ವಸ್ತುವಾಗಿ ಉಳ್ಳ ಕಾದಂಬರಿಗಳಲ್ಲಿ ಒಂದೆರಡನ್ನು ಓದಿ ರುಚಿ ಹತ್ತಿದವರು, ಮುಂದೆ ಯಾವುದನ್ನು ಕೈಗೆತ್ತಿಕೊಳ್ಳಬೇಕೆಂದು ತೋಚದೆ ನಿಂತಿದ್ದಾರೆ. ಇಂಗ್ಲಿಷಿನವರು ಇವುಗಳಲ್ಲಿ ಒಂದು ಬಗೆಯನ್ನು ಫ್ಯಾಂಟಸಿಯೆಂದೂ ಇನ್ನೊಂದನ್ನು ಸೈನ್ಸ್ ಫಿಕ್ಷನ್ ಎಂದೂ ಕರೆಯುವರು. ನಾವು ಅದ್ಭುತ ಕಾದಂಬರಿ, ವಿಜ್ಞಾನ ಕಾದಂಬರಿ ಎನ್ನೋಣ. ಪುಸ್ತಕಗಳಿಗೇನೂ ಬರವಿಲ್ಲ. ಬೇಕಾದುದು ಮಾತ್ರ ಕೈಗೆ ಸಿಕ್ಕುವುದಿಲ್ಲ.

ದಾವಣಗೆರೆಯ ಕಡೆಯಿಂದ ಒಬ್ಬ ತಾಯಿ ಬರೆದ ಕಾಗದವು ನಮ್ಮ ಮನಸ್ಸನ್ನು ಹೆಚ್ಚಾಗಿ ಹಿಡಿಯಿತು. ಅವರ ಮಗಳಿಗೆ ಹದಿನಾಲ್ಕು ವರುಷ. ಹ್ಯಾರಿ ಪಾಟರನ ಏಳು ಸಂಪುಟಗಳನ್ನೂ ಎರಡೆರಡು ಸಲ ಓದಿ ಮುಗಿಸಿದ್ದಾಳೆ. ಆಮೇಲೆ ತಂದೆ ತಂದುಕೊಟ್ಟ ನಾಲ್ಕು ಪುಸ್ತಕಗಳಲ್ಲಿ ಒಂದೂ ಐವತ್ತನೆಯ ಪುಟವನ್ನು ದಾಟಲಿಲ್ಲ. ಈಗ ಪುಸ್ತಕದ ಗೊಡವೆಯೇ ಬೇಡವೆಂದು ಫೋನು ಹಿಡಿದು ಕುಳಿತಿರುತ್ತಾಳೆ. ಆ ತಾಯಿಗೆ ಇಂಗ್ಲಿಷು ಕಾದಂಬರಿ ಓದುವಷ್ಟು ಅಭ್ಯಾಸವಿಲ್ಲ. ಏನು ಓದುತ್ತಿದ್ದೀಯೆ ಎಂದು ಹಿಂದೆ ಕೇಳಿದಾಗಲೆಲ್ಲ, "ನಿನಗೆ ಗೊತ್ತಾಗಲ್ಲ ಬಿಡಮ್ಮ" ಎಂಬ ಉತ್ತರ ಬರುತ್ತಿತ್ತಂತೆ. ಒಳ್ಳೆಯ ಪುಸ್ತಕಗಳ ಹೆಸರು ಕೊಡಿರೆಂದು ಅವರು ಕೇಳಿದ್ದಾರೆ. ಕೊಡುತ್ತೇವೆ. ಆದರೆ ಅದಕ್ಕೆ ಮೊದಲು ಹೇಳಬೇಕಾದುದು ಒಂದಿದೆ.

ತಂದೆಯವರು ತಂದ ಪುಸ್ತಕಗಳು ಕೆಟ್ಟವಾಗಿರಲಾರವು. ಅವರು ಎಲ್ಲರೂ ಮಾಡುವಂತೆಯೇ ಮಾಡಿರಬೇಕು. ಅಂಗಡಿಯಲ್ಲಿ ಮುಂದುಗಡೆ ಜೋಡಿಸಿಟ್ಟುದನ್ನು ನೋಡಿರಬೇಕು, ಇಲ್ಲವೆ ಅಂತರ್ಜಾಲದ ಮಳಿಗೆಯವರು 'ಇದನ್ನು ಕೊಂಡವರು ಅದನ್ನೂ ಕೊಂಡರು' ಎಂದು ತೋರಿಸುವ ಸಾಲನ್ನು ನಂಬಿರಬೇಕು. ಆ ಲೆಕ್ಕಕ್ಕೆ ಜನರು ಕೊಂಡದ್ದು ತಿಳಿಯುವುದೇ ಹೊರತು, ಯಾವುದನ್ನು ಏತಕ್ಕಾಗಿ ಮೆಚ್ಚಿದರೆಂಬುದು ತಿಳಿಯದು. ಮಂತ್ರವಾದಿಯ ಪುಸ್ತಕ ಕೊಂಡವನಿಗೆ ಇನ್ನೊಬ್ಬ ಮಂತ್ರವಾದಿ ಬರುವನು. ಬೆನ್ನುರಟ್ಟಿನ ಮೇಲಿನ ಹೊಗಳಿಕೆಯ ಮಾತುಗಳನ್ನಂತೂ ಹೇಳುವುದೇ ಬೇಡ. ಅವು ಮದುವೆಯ ಮನೆಯಲ್ಲಿ ಹುಡುಗನ ಕಡೆಯವರು ಹುಡುಗನ ವಿಷಯದಲ್ಲಿ ಆಡುವ ಮಾತುಗಳಷ್ಟೇ ನೆಚ್ಚತಕ್ಕವು.

ಆದುದರಿಂದ ನಮ್ಮ ಸಲಹೆಯಿದು. ಆ ಹುಡುಗಿಯು ತಾನು ಮೆಚ್ಚಿದ ಕಥೆಯನ್ನು ತಾಯಿಗೆ ಕನ್ನಡದಲ್ಲಿ ಹೇಳಲಿ. ಒಂದು ರಾತ್ರಿಗೆ ಒಂದು ಪ್ರಕರಣ ಸಾಕು. ನಮ್ಮಲ್ಲಿ ಇದು ಹೊಸದಲ್ಲ. ಗಮಕಿಯು ಕುಮಾರವ್ಯಾಸನ ಪದ್ಯವನ್ನು ಓದುವನು. ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರನು ಅದನ್ನು ಕೇಳುವವರ ಮಾತಿಗೆ ಇಳಿಸಿ ಹೇಳುವನು. ಪುಸ್ತಕ ಬಿಡಿಸಲಾರದವರೂ ಭಾರತವನ್ನು ಬಲ್ಲವರಾದುದು ಹಾಗೆ. ಕಥೆಯನ್ನು ತನ್ನ ಭಾಷೆಗೆ ತಂದು ಹೇಳಹೊರಟವಳು ಎಲ್ಲವನ್ನೂ ಹೇಳಲಾರಳು. ಕೆಲವೆಡೆ ಓಡುವಳು, ಕೆಲವೆಡೆ ನಿಲ್ಲುವಳು. ಎಲ್ಲಿ ನಿಂತಳೆಂಬುದನ್ನು ತಾಯಿ ಗಮನಿಸಲಿ. ಹುಡುಗಿ ಮೆಚ್ಚಿದ್ದು ಮಂತ್ರವನ್ನೋ, ಆ ವಸತಿಶಾಲೆಯ ಗೆಳೆತನವನ್ನೋ, ತಂದೆತಾಯಿಯಿಲ್ಲದ ಮಗುವಿಗೆ ಮನೆಯೊಂದು ದೊರೆತುದನ್ನೋ, ಇಲ್ಲವೆ ಏಳು ಸಂಪುಟಗಳುದ್ದಕ್ಕೂ ಬಿಚ್ಚಿಕೊಳ್ಳುವ ಒಗಟನ್ನೋ ಎಂಬುದು ಅಲ್ಲಿ ಹೊರಬೀಳುವುದು. ಪುಸ್ತಕವನ್ನು ಓದಿದ ಗೆಳತಿಯ ಮುಂದೆ ಇದು ಹೊರಬೀಳದು. ಅವರಿಬ್ಬರಿಗೆ ಅರ್ಧ ಮಾತೇ ಸಾಕು. ಓದದವರೇ ಬೇಕು. ಇಂಗ್ಲಿಷು ಬಾರದ ತಾಯಿಯೇ ಈ ಕೆಲಸಕ್ಕೆ ಸರಿಯಾದವರೆಂದು ನಾವು ವಿನೋದಕ್ಕಾಗಿ ಹೇಳುತ್ತಿಲ್ಲ.

ಉತ್ತರ ಸಿಕ್ಕಿದ ಮೇಲೆ ಹುಡುಕುವುದು ಸುಲಭ. ಮಂತ್ರವಿದ್ಯೆಯ ಶಾಲೆಯೇ ಹಿಡಿಸಿದ್ದರೆ, ಹಿಂದಕ್ಕೆ ಹೋಗಿ ಅಮೆರಿಕದ ಅರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ 'ಎ ವಿಝರ್ಡ್ ಆಫ್ ಅರ್ತ್‌ಸೀ' ಓದಲಿ. ಮೇಕೆ ಕಾಯುವ ಕಂದುಬಣ್ಣದ ಹುಡುಗನೊಬ್ಬನು ಮಂತ್ರಶಾಲೆಗೆ ಹೋಗಿ, ಹೆಮ್ಮೆಯಿಂದ ಮಾಡಬಾರದ ಮಂತ್ರವನ್ನು ಮಾಡಿ, ಕರಿಯ ನೆರಳೊಂದನ್ನು ಲೋಕಕ್ಕೆ ಬಿಟ್ಟುಬಿಡುವನು. ಗಾತ್ರದಲ್ಲಿ ಚಿಕ್ಕದು, ತೂಕದಲ್ಲಿ ದೊಡ್ಡದು. ಅದರ ಮುಂದಿನದಾದ 'ದಿ ಟೂಂಬ್ಸ್ ಆಫ್ ಅಟುವಾನ್' ಕಾದಂಬರಿಯಲ್ಲಿ ಹುಡುಗಿಯೇ ನಾಯಕಿ. ಇದಕ್ಕೆ ಬದಲಾಗಿ ನಗೆಯೂ ಮನೆವಾರ್ತೆಯೂ ಹಿಡಿಸಿದ್ದಾದರೆ, ಡಯಾನಾ ವಿನ್ ಜೋನ್ಸರ 'ಹೌಲ್ಸ್ ಮೂವಿಂಗ್ ಕ್ಯಾಸಲ್' ಇದೆ, 1986ರದು. ಟೋಪಿಯಂಗಡಿಯ ಮೂವರು ಹೆಣ್ಣುಮಕ್ಕಳಲ್ಲಿ ಹಿರಿಯಳು ಮಾಟಗಾತಿಯ ಶಾಪದಿಂದ ಮುದುಕಿಯಾಗಿ, ನಡೆದಾಡುವ ಕೋಟೆಯೊಂದನ್ನು ಹೊಕ್ಕು, ಅಲ್ಲಿಯ ಸೋಮಾರಿ ಮಾಂತ್ರಿಕನ ಮನೆಯನ್ನು ಗುಡಿಸಿ ತೊಳೆಯಲು ನಿಲ್ಲುವಳು. ಮುದುಕಿಯಾದ ಮೇಲೆ ಅವಳಿಗೆ ಬರುವ ಧೈರ್ಯವನ್ನು ಕಂಡು ನಮ್ಮ ಮನೆಗಳ ಅಜ್ಜಿಯರು ತಲೆದೂಗಿಯಾರು. ಕಾಲದಿಂದ ಕಾಲಕ್ಕೆ ಜಿಗಿಯುವ ಕಥೆ ಬೇಕೆನ್ನುವವರಿಗೆ ಆಕ್ಟೇವಿಯಾ ಬಟ್ಲರರ 'ಕಿಂಡ್ರೆಡ್' ಇದೆ; ಇದು 1979ರದು. ನೀಗ್ರೋ ಗುಲಾಮಗಿರಿಯ ಕ್ರೌರ್ಯವನ್ನು ಕಣ್ಣಿಗೆ ಕಟ್ಟಿಸುವ ಪುಸ್ತಕವಾದುದರಿಂದ ಹದಿನಾಲ್ಕರವಳಿಗೆ ಈಗಲೇ ಬೇಡ. ತಾಯಂದಿರಾದವರು ಓದಬಹುದು.

ಇವೆಲ್ಲ ಹಳೆಯ ಪುಸ್ತಕಗಳಲ್ಲವೆ, ಕೇಳಿದ್ದು ಹೊಸವನ್ನು ಎಂದು ಕೆಲವರು ಆಕ್ಷೇಪಿಸಿಯಾರು. ನಾವು ಓದದ ಪುಸ್ತಕವೆಲ್ಲ ನಮಗೆ ಹೊಸದೇ. ಅಲ್ಲದೆ ಈ ಜಾತಿಯ ಕಾದಂಬರಿಗಳಲ್ಲಿ ಒಳ್ಳೆಯವು ಎಷ್ಟೋ ವೇಳೆ ಬಲ್ಲವರೆನಿಸಿಕೊಂಡವರ ಕಣ್ಣನ್ನು ತಪ್ಪಿಸಿಕೊಂಡೇ ಬಂದಿವೆ. ಟೋಲ್ಕಿನ್ನರ 'ದಿ ಹಾಬಿಟ್' 1937ರಲ್ಲಿ ಅಚ್ಚಾಗುವುದಕ್ಕೆ ಮುಂಚೆ, ಪ್ರಕಾಶಕರಾದ ಅನ್ವಿನ್ ಅವರು ಅದರ ಹಸ್ತಪ್ರತಿಯನ್ನು ಹತ್ತು ವರುಷದ ತಮ್ಮ ಮಗನಿಗೆ ಕೊಟ್ಟರು. ಹುಡುಗನು ಓದಿ, ಮಕ್ಕಳಿಗೆ ಇದು ಹಿಡಿಸುವುದೆಂದು ಅಭಿಪ್ರಾಯ ಬರೆದುಕೊಟ್ಟು ಒಂದು ಷಿಲಿಂಗ್ ಸಂಭಾವನೆ ಪಡೆದನು. 1997ರಲ್ಲಿ ಪ್ರಕಟವಾದ ಹ್ಯಾರಿ ಪಾಟರನ ಕಥೆಯೂ ಅಂಥದೇ. ಹಲವು ಪ್ರಕಾಶಕರು ಬೇಡವೆಂದುದನ್ನು ಒಬ್ಬ ಪ್ರಕಾಶಕರ ಎಂಟು ವರುಷದ ಮಗಳು ಮೊದಲ ಪ್ರಕರಣ ಓದಿ ಮುಂದಿನದನ್ನು ಕೇಳಿದಳು. ಫ್ರಾಂಕ್ ಹರ್ಬರ್ಟರ 'ಡ್ಯೂನ್' ಸುಮಾರು ಇಪ್ಪತ್ತು ಕಡೆ ತಿರಸ್ಕೃತವಾಗಿ, ಕಡೆಗೆ 1965ರಲ್ಲಿ ಮೋಟಾರು ರಿಪೇರಿಯ ಕೈಪಿಡಿಗಳಿಗೆ ಹೆಸರಾದ ಚಿಲ್ಟನ್ ಎಂಬ ಸಂಸ್ಥೆಯಿಂದ ಹೊರಬಂದಿತು.

ನಮ್ಮ ದೇಶದಲ್ಲಿ ನಡೆದುದೊಂದು ಇನ್ನೂ ಸೊಗಸಾಗಿದೆ. ಖಗೋಳವಿಜ್ಞಾನಿ ಜಯಂತ ನಾರಳೀಕರರು 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ತಮ್ಮ ಮೊದಲ ಕಥೆಯನ್ನು ಕಳುಹಿಸಿದರು. ಆಗಲೇ ಅವರು ಲೋಕಪ್ರಸಿದ್ಧರು. ಹೆಸರಿನ ಪ್ರಭಾವ ತೀರ್ಪುಗಾರರ ಮೇಲೆ ಬೀಳಬಾರದೆಂದು, ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುವುಮುರುವು ಮಾಡಿ ನಾರಾಯಣ ವಿನಾಯಕ ಜಗತಾಪ ಎಂಬ ಹೆಸರು ಕಟ್ಟಿಕೊಂಡರು. ಅಕ್ಷರದಿಂದ ಗುರುತು ಸಿಕ್ಕೀತೆಂದು ಪತ್ನಿಯ ಕೈಯಲ್ಲಿ ಬರೆಯಿಸಿದರು. 'ಕೃಷ್ಣವಿವರ' ಎಂಬ ಆ ಕಥೆಗೆ ಮೊದಲ ಬಹುಮಾನ ಬಂದಿತು. 2025ರಲ್ಲಿ ತೀರಿಕೊಂಡ ಆ ಹಿರಿಯರ ಕಥೆಗಳನ್ನು ಓದದವರು ಹುಡುಕಿ ಓದಬೇಕು. ಹೆಸರು ನೋಡದೆ ಹತ್ತು ಪುಟ ಓದುವ ಅಭ್ಯಾಸವು ತೀರ್ಪುಗಾರರಿಗೆ ಮಾತ್ರವಲ್ಲ, ಕೊಳ್ಳುವವರಿಗೂ ಒಳ್ಳೆಯದು.

ಇನ್ನು ಬಹುಮಾನಗಳ ವಿಚಾರ. ಇವುಗಳ ಪಟ್ಟಿ ಸುಲಭವಾಗಿ ಸಿಕ್ಕುವುದು, ಉಪಯೋಗವೂ ಉಂಟು. ಆದರೆ ಕೊಡುವವರು ಯಾರೆಂದು ತಿಳಿದಿರಬೇಕು. 1953ರಿಂದ ಬಂದಿರುವ ಹ್ಯೂಗೋ ಬಹುಮಾನಕ್ಕೆ ಮತ ಕೊಡುವವರು ವಿಶ್ವ ವಿಜ್ಞಾನಕಥಾ ಸಮ್ಮೇಳನದ ಸದಸ್ಯರು, ಎಂದರೆ ಓದುಗರು. ನೆಬ್ಯುಲಾ ಬಹುಮಾನಕ್ಕೆ ಮತ ಕೊಡುವವರು ಸ್ವತಃ ಲೇಖಕರು. ಬ್ರಿಟನ್ನಿನ ಆರ್ಥರ್ ಕ್ಲಾರ್ಕ್ ಬಹುಮಾನವನ್ನು ತೀರ್ಪುಗಾರರ ಒಂದು ಸಣ್ಣ ಮಂಡಲಿಯು ನಿರ್ಣಯಿಸುವುದು. ಗೆದ್ದ ಒಂದನ್ನು ಬಿಟ್ಟು ಅಂತಿಮ ಪಟ್ಟಿಯಲ್ಲಿ ಉಳಿದವನ್ನು ನೋಡುವುದು ನಮ್ಮ ಪದ್ಧತಿ. ಅಲ್ಲಿಯೇ ಅಚ್ಚರಿಗಳು ಅಡಗಿರುತ್ತವೆ. ಎಷ್ಟೇ ದೊಡ್ಡ ಬಹುಮಾನವಾದರೂ ಪುಸ್ತಕವು ಯಾವ ವಯಸ್ಸಿಗೆ ತಕ್ಕದ್ದೆಂದು ಹೇಳದು. ಎನ್. ಕೆ. ಜೆಮಿಸಿನ್ 2016, 2017, 2018 ಹೀಗೆ ಮೂರು ವರುಷ ಒಂದೇ ಸಮನೆ ಹ್ಯೂಗೋ ಗೆದ್ದವರು. ಆ ಮೂರರಲ್ಲಿ ಮೊದಲನೆಯದಾದ 'ದಿ ಫಿಫ್ತ್ ಸೀಸನ್' ಗಂಡನ ಕೈಯಲ್ಲಿ ಸತ್ತ ಎಳೆಯ ಮಗನ ಬಳಿ ಕುಳಿತ ತಾಯಿಯಿಂದ ಮೊದಲಾಗುವುದು. ಮಕ್ಕಳ ಕೈಗೆ ಕೊಡುವ ಮುಂಚೆ ಇದನ್ನು ತಿಳಿದಿರುವುದು ಲೇಸು.

ಪಟ್ಟಿಗಿಂತಲೂ ನಂಬತಕ್ಕ ದಾರಿ ಮನುಷ್ಯರ ಬೆನ್ನು ಹಿಡಿಯುವುದು. ಅದರಲ್ಲಿಯೂ ಭಾಷಾಂತರಕಾರರ ಬೆನ್ನು. ಏಕೆಂದರೆ ತಿಂಗಳುಗಟ್ಟಲೆ ಒಂದು ಪುಸ್ತಕದೊಡನೆ ಬಾಳದೆ ಯಾರೂ ಅದನ್ನು ಭಾಷಾಂತರಿಸಲಾರರು. ಚೀನದ ಲಿಯು ತ್ಸಿಶಿನ್ನರ 'ದಿ ತ್ರೀ ಬಾಡಿ ಪ್ರಾಬ್ಲಮ್' 2006ರಲ್ಲಿ ಅಲ್ಲಿಯ ಮಾಸಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದಿತು. ಕೆನ್ ಲಿಯು 2014ರಲ್ಲಿ ಇಂಗ್ಲಿಷಿಗೆ ತಂದರು. 2015ರಲ್ಲಿ ಹ್ಯೂಗೋ ಬಂದಿತು. ಆ ಕೆನ್ ಲಿಯುರವರ ಬೆನ್ನು ಹಿಡಿದವರಿಗೆ ಹಾವ್ ಜಿಂಗ್‌ಫಾಂಗ್ ಎಂಬ ಲೇಖಕಿಯೂ ಇನ್ನು ಹಲವರೂ ದೊರೆತರು. ಲೆ ಗ್ವಿನ್ನರನ್ನು ಮೆಚ್ಚಿದವರಿಗೆ ಅವರೇ ಸ್ಪ್ಯಾನಿಷಿನಿಂದ ಭಾಷಾಂತರಿಸಿದ ಅರ್ಜೆಂಟೀನಾದ ಆಂಖೆಲಿಕಾ ಗೊರೊಡಿಶೆರರ 'ಕಲ್ಪ ಇಂಪೀರಿಯಲ್' ದೊರೆಯುವುದು. ಎಂದೂ ಇಲ್ಲದ ಒಂದು ಸಾಮ್ರಾಜ್ಯದ ಕಥೆಗಳನ್ನು ಕಥೆಗಾರನೊಬ್ಬನು ಜನರ ನಡುವೆ ಕುಳಿತು ಹೇಳುವ ಆ ಪುಸ್ತಕವನ್ನು ಯಾವ ಅಂಗಡಿಯ ಲೆಕ್ಕವೂ ನಮ್ಮ ಮುಂದಿಡುತ್ತಿರಲಿಲ್ಲ.

ದೂರದ ಊರುಗಳ ಮಾತಾಯಿತು. ಮನೆಯ ಹತ್ತಿರವೂ ನೋಡಬೇಡವೆ? 1905ರಲ್ಲಿ ಬಂಗಾಳದ ರೊಕೆಯಾ ಬೇಗಂ ಅವರು ಮದರಾಸಿನ 'ದಿ ಇಂಡಿಯನ್ ಲೇಡೀಸ್ ಮ್ಯಾಗಜೀನ್' ಎಂಬ ಪತ್ರಿಕೆಗೆ 'ಸುಲ್ತಾನಾಸ್ ಡ್ರೀಮ್' ಎಂಬ ಕಥೆಯನ್ನು ಬರೆದರು. ಅದರಲ್ಲಿ ಹೆಂಗಸರು ಬಿಸಿಲಿನ ಶಾಖವನ್ನು ಹಿಡಿದಿಟ್ಟು ಅಡಿಗೆ ಮಾಡುವರು, ಮೋಡದಿಂದ ನೀರಿಳಿಸುವರು, ರಾಜ್ಯವಾಳುವರು. ಗಂಡಸರು ಪರದೆಯ ಒಳಗೆ ಇರುವರು. ನಮ್ಮ ಪತ್ರಿಕೆಯಂತೆಯೇ ಮನೆಯವರು ಓದುವ ಪತ್ರಿಕೆಯೊಂದರಲ್ಲಿ ಇಂಥದು ಬಂದಿತೆಂಬುದು ನಮಗೆ ಹೆಮ್ಮೆಯ ವಿಷಯ. ಬೆಂಗಳೂರನ್ನೇ ಮುಂದಿನ ಕಾಲದ 'ಅಪೆಕ್ಸ್ ಸಿಟಿ'ಯನ್ನಾಗಿ ಮಾಡಿ ಬರೆದ ಲಾವಣ್ಯ ಲಕ್ಷ್ಮೀನಾರಾಯಣರ 'ದಿ ಟೆನ್ ಪರ್ಸೆಂಟ್ ಥೀಫ್' 2024ರಲ್ಲಿ ಕ್ಲಾರ್ಕ್ ಬಹುಮಾನದ ಅಂತಿಮ ಪಟ್ಟಿಯಲ್ಲಿತ್ತು. ಅಲ್ಲಿ ಮನುಷ್ಯರನ್ನು ಅವರ ದುಡಿಮೆಯ ಅಂಕಗಳಿಂದ ಅಳೆದು, ಹಿಂದೆ ಬಿದ್ದ ನೂರಕ್ಕೆ ಹತ್ತು ಮಂದಿಯನ್ನು ಊರಿನ ಆಚೆಗೆ ತಳ್ಳುವರು. ಪರೀಕ್ಷೆಯ ಅಂಕಗಳ ಚಿಂತೆಯಲ್ಲಿರುವ ಮಕ್ಕಳಿಗೆ ಅದು ತೀರ ದೂರದ ಲೋಕವೆಂದು ತೋರದು.

ಕನ್ನಡದಲ್ಲಿ ಹಣೆಪಟ್ಟಿ ನೋಡಿ ಹುಡುಕಿದವರಿಗೆ ಹೆಚ್ಚು ಸಿಕ್ಕದು. ರಾಜಶೇಖರ ಭೂಸನೂರಮಠರು ವಿಜ್ಞಾನ ಕಥೆಯನ್ನೇ ಕೈಗೊಂಡು ಬರೆದವರು. ಅವರಿಂದ ಮೊದಲು ಮಾಡಬಹುದು. ಆದರೆ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಯಾವ ಹಣೆಪಟ್ಟಿಯೂ ಇಲ್ಲದೆ 1980ರಿಂದ ನಮ್ಮ ಮನೆಗಳಲ್ಲಿದೆ. ಮಲೆನಾಡಿನ ರೈತನೊಬ್ಬನೂ, ಒಬ್ಬ ವಿಜ್ಞಾನಿಯೂ, ಜೇನು ಹಿಡಿಯುವ ಮಂದಣ್ಣನೂ ಕೂಡಿ, ಯುಗಯುಗಗಳ ಹಿಂದಿನಿಂದ ಉಳಿದುಬಂದ ಹಾರುವ ಓತಿಯನ್ನು ಅರಸಿ ಕಾಡಿಗೆ ಹೋಗುವ ಕಥೆಯಿದು. ವಿಸ್ಮಯವನ್ನು ಬೇರೆ ಗ್ರಹದಲ್ಲಿಯೇ ಹುಡುಕಬೇಕೆಂದಿಲ್ಲವೆಂಬುದನ್ನು ನಕ್ಷತ್ರಯಾನದ ಎಷ್ಟೋ ಕಥೆಗಳಿಗಿಂತ ಇದು ಚೆನ್ನಾಗಿ ತೋರಿಸುವುದು. ದಾವಣಗೆರೆಯ ಆ ತಾಯಿಯವರು ಇದನ್ನು ಓದಿ ಮಗಳಿಗೆ ಹೇಳಲಿ. ಸರದಿ ಎರಡು ಕಡೆಯೂ ಇರಬೇಕಲ್ಲವೆ?

ಖರ್ಚಿನ ಮಾತು ಉಳಿಯಿತು. ಎಲ್ಲವನ್ನೂ ಕೊಳ್ಳಬೇಕಾಗಿಲ್ಲ. ಜಿಲ್ಲೆಯ ಕೇಂದ್ರ ಗ್ರಂಥಾಲಯದಲ್ಲಿ ಸದಸ್ಯರಾದರೆ ಮನೆಗೇ ಪುಸ್ತಕ ತರಬಹುದು. ಬೆಂಗಳೂರಿಗೆ ಹೋದವರು ಚರ್ಚ್ ಬೀದಿಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಒಂದು ಗಳಿಗೆ ನಿಂತು, ಕೊಳ್ಳುವ ಮೊದಲು ಹತ್ತು ಪುಟ ಓದಿ ನೋಡಲಿ. ತಂದ ಮೇಲೆ ಐವತ್ತು ಪುಟಕ್ಕೂ ಹಿಡಿಸದಿದ್ದರೆ, ದುಡ್ಡು ಕೊಟ್ಟಿದ್ದೇವೆಂದು ಮಕ್ಕಳನ್ನು ಒತ್ತಾಯಪಡಿಸದೆ ಕೆಳಗಿಡಲು ಬಿಡಲಿ. ಎರಡು ವರುಷದ ಮೇಲೆ ಅದೇ ಪುಸ್ತಕವನ್ನು ಅವರಾಗಿಯೇ ತೆಗೆದಾರು. ಈ ಬಗೆಯಿಂದ ದೊರೆತ ಪುಸ್ತಕಗಳ ಹೆಸರನ್ನೂ, ಅದರಲ್ಲಿ ಯಾವ ಭಾಗವು ಹಿಡಿಸಿತೆಂಬುದನ್ನೂ ನಾಲ್ಕು ಸಾಲಿನಲ್ಲಿ ಬರೆದು ತಿಳಿಸುವ ವಾಚಕರ ಕಾಗದಗಳನ್ನು ಮುಂದಿನ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಅಚ್ಚುಹಾಕುವೆವು.