ಪೊಟ್ಟಣ ಇಲ್ಲಿನದು, ಕಾಳು ಎಲ್ಲಿನದು?

ನಮ್ಮ ಕಾಸರಗೋಡಿನ ಅಂಗಡಿಗಳಲ್ಲಿ ಕಾಳುಮೆಣಸಿನ ಪುಡಿ ಸಣ್ಣ ಪೊಟ್ಟಣಗಳಲ್ಲಿ ನೇತಾಡುತ್ತಿರುತ್ತದೆ. ಅಡಿಕೆ ಮರಕ್ಕೆ ಬಳ್ಳಿ ಹಬ್ಬಿಸಿ ಮೆಣಸು ಬೆಳೆಯುವ ನಮ್ಮಂಥವರೇ ಅದನ್ನು ಕೊಳ್ಳುವುದೂ ಉಂಟು. ಅದರಲ್ಲಿ ತಪ್ಪೇನಿಲ್ಲ, ಒಣಗಿಸಿ, ಪುಡಿ ಮಾಡಿಕೊಳ್ಳಲು ಈಗ ಯಾರಿಗೆ ಪುರುಸೊತ್ತು? ಆದರೆ ಪೊಟ್ಟಣದ ಮೇಲೆ 'ಮೇಡ್ ಇನ್ ಇಂಡಿಯಾ' ಅಂತ ಕಂಡ ಕೂಡಲೇ ಒಳಗಿನ ಕಾಳೂ ನಮ್ಮ ದೇಶದ ತೋಟದ್ದೇ ಎಂದು ನಂಬಿಬಿಡುತ್ತೇವಲ್ಲ, ಆ ನಂಬಿಕೆಗೆ ಲೇಬಲಿನಲ್ಲಿ ಆಧಾರವಿಲ್ಲ ಎಂಬುದು ನನ್ನ ಅಭಿಪ್ರಾಯ.

ಲೇಬಲು ಏನು ಹೇಳುತ್ತದೆ ನೋಡೋಣ. ಪ್ಯಾಕೆಟ್ ಮಾಲಿಗೆ ಸಂಬಂಧಿಸಿದ 2011ರ ಕೇಂದ್ರ ನಿಯಮದ ಪ್ರಕಾರ ತಯಾರಿಸಿದವರ ಅಥವಾ ಪ್ಯಾಕ್ ಮಾಡಿದವರ ಹೆಸರು ವಿಳಾಸ, ತೂಕ, ತಿಂಗಳು ವರ್ಷ, ಗರಿಷ್ಠ ಬೆಲೆ, ದೂರು ಹೇಳುವ ವಿಳಾಸ ಇರಬೇಕು. 2018ರ ಜನವರಿ 1ರಿಂದ ಮೂಲ ದೇಶದ ಹೆಸರೂ ಕಡ್ಡಾಯವಾಯಿತು. ಆದರೆ ಯಾವುದಕ್ಕೆ? ಆಮದಾದ ಮಾಲಿಗೆ. ಹೊರಗಿನಿಂದ ಕಾಳು ತರಿಸಿ ಇಲ್ಲಿನ ಕಾಳಿನೊಟ್ಟಿಗೆ ಬೆರೆಸಿ, ಇಲ್ಲೇ ಪುಡಿ ಮಾಡಿ ತುಂಬಿಸಿದರೆ ಅದು ಇಲ್ಲಿ ತಯಾರಾದ ಮಾಲು ಅನ್ನಿಸಿಕೊಳ್ಳುತ್ತದೆ. 'ತಯಾರಾದದ್ದು' ಬೇರೆ, 'ಬೆಳೆದದ್ದು' ಬೇರೆ. ಈ ಎರಡು ಮಾತಿನ ನಡುವಿನ ಸಂದಿನಲ್ಲೇ ನಮ್ಮ ಬೆಲೆ ಜಾರಿಹೋಗುತ್ತಿದೆ.

890ರಿಂದ ಶುರುವಾಗುವ ಬಾರ್‌ಕೋಡ್ ಇದ್ದರೆ ಸ್ವದೇಶಿ ಮಾಲು ಎಂದು ಹೇಳುವವರೂ ಇದ್ದಾರೆ. ಅದೂ ಸರಿಯಲ್ಲ ಮಾರಾಯ್ರೆ. ಆ ಕಂಪೆನಿ ಬಾರ್‌ಕೋಡ್ ನಂಬರನ್ನು ಭಾರತದ ಜಿಎಸ್1 ಸಂಸ್ಥೆಯಿಂದ ಪಡೆದಿದೆ ಎಂದಷ್ಟೇ ಅದರ ಅರ್ಥ. ಆಹಾರ ಲೈಸೆನ್ಸಿನ 14 ಅಂಕೆಯೂ ವ್ಯಾಪಾರ ನಡೆಸುವವರನ್ನು ಹೇಳುತ್ತದೆ, ತೋಟವನ್ನಲ್ಲ. 'ಮಾರ್ಕೆಟೆಡ್ ಬೈ' ಎಂದಿದ್ದರೆ ಮಾರುವವರ ಹೆಸರು ಮಾತ್ರ ಸಿಕ್ಕಿತು.

ಇದು ಬರೀ ಅಕ್ಷರದ ತಕರಾರಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಕಾಳುಮೆಣಸು ಬೆಳೆಯುವ ದೇಶ ವಿಯೆಟ್ನಾಂ. ಅಲ್ಲಿನ ಮಾಲು ಶ್ರೀಲಂಕಾದ ಹೆಸರಿನಲ್ಲಿ, ಸುಂಕದ ರಿಯಾಯಿತಿಯಲ್ಲಿ ಇಲ್ಲಿಗೆ ಬರುತ್ತಿದೆ ಎಂದು ಬೆಳೆಗಾರರು ಬಹಳ ಕಾಲ ದೂರಿದರು. 2017ರ ಡಿಸೆಂಬರಿನಲ್ಲಿ ಕೇಂದ್ರವು ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಗೊತ್ತುಮಾಡಿತು. 2020ರ ಸೆಪ್ಟೆಂಬರಿನಿಂದ, ಒಪ್ಪಂದದ ಸುಂಕ ರಿಯಾಯಿತಿ ಬೇಕೆನ್ನುವ ಆಮದುದಾರ ಮಾಲಿನ ಮೂಲದ ವಿವರವನ್ನು ತನ್ನಲ್ಲಿ ಇಟ್ಟುಕೊಂಡಿರಲೇಬೇಕು ಎಂಬ ನಿಯಮ ಬಂತು. ಅಂದರೆ ಕಾಗದಪತ್ರದಲ್ಲಿ ಕಾಳಿನ ಊರು ಉಂಟು. ಬಂದರಿನಲ್ಲಿ ಗೊತ್ತಿರುವ ಊರು ಕಿರಾಣಿ ಅಂಗಡಿಗೆ ಬರುವಾಗ ಮಾಯವಾಗುವುದು ಯಾಕೆ?

ಆಮದು ಮಾಡುವವರೆಲ್ಲ ಕಳ್ಳರೆಂದು ನಾನು ಹೇಳುವುದಿಲ್ಲ. ಎಣ್ಣೆ, ಸತ್ವ ತೆಗೆದು ಮತ್ತೆ ರಫ್ತು ಮಾಡುವ ಕಾರ್ಖಾನೆಗಳಿಗೆ ಹೊರಗಿನ ಕಾಳು ಬೇಕಾಗುತ್ತದೆ. ಬೆರೆಸುವುದೂ ಅಪರಾಧವಲ್ಲ. ಬೆರೆಸಿದ್ದನ್ನು ಹೇಳಿ ಮಾರಲಿ ಎಂಬುದಷ್ಟೇ ನನ್ನ ವಾದ. 'ಪ್ರತಿ ಸಲ ಬೇರೆ ಬೇರೆ ಕಡೆಯ ಮಾಲು ಬರುತ್ತದೆ, ಹೇಗೆ ಬರೆಯುವುದು?' ಎಂದು ವ್ಯಾಪಾರಸ್ಥ ಮಿತ್ರರು ಕೇಳುತ್ತಾರೆ. ಬ್ಯಾಚ್ ನಂಬರು, ತಾರೀಕು, ಬೆಲೆಯನ್ನು ಪ್ರತಿ ಸಲವೂ ಹೊಸದಾಗಿ ಒತ್ತುತ್ತಾರಲ್ಲ, ಅದರ ಪಕ್ಕದಲ್ಲಿ ಇನ್ನೊಂದು ಸಾಲು ಕಷ್ಟವಾಗದು. ಯುರೋಪ್ ಒಕ್ಕೂಟವು 2024ರಲ್ಲಿ ಜೇನಿಗೆ ಇಂಥದೇ ನಿಯಮ ಮಾಡಿತು: ಬೆರಕೆ ಜೇನಾದರೆ ಯಾವ ಯಾವ ದೇಶದ್ದು, ಶೇಕಡಾ ಎಷ್ಟು ಎಂದು ಬರೆಯಬೇಕು. ಜೇನಿಗೆ ಆಗುವುದು ಮೆಣಸಿಗೆ ಆಗದೇ?

ಇನ್ನೊಂದು ಸಂಗತಿ ಗಡಿನಾಡಿನವರಾದ ನಮಗೇ ಸೇರಿದ್ದು. ಲೇಬಲಿನ ಕಡ್ಡಾಯ ವಿವರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಕಾನೂನಿಗೆ ಸಾಕು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವ ನಮ್ಮ ಹಿರಿಯರಿಗೆ ಅದು ಇದ್ದೂ ಇಲ್ಲದ ಹಾಗೆ. ಆದರೆ ಇತರ ಭಾಷೆಗಳನ್ನು ಜೊತೆಗೆ ಸೇರಿಸಲು ಅಡ್ಡಿಯಿಲ್ಲ.

ಹಾಗಾಗಿ ಮೂರು ಕೆಲಸ ಆಗಬೇಕು. ಕೊಳ್ಳುವವರು ಮುಂಭಾಗದ ಬಾವುಟದ ಚಿತ್ರ ನೋಡದೆ ಹಿಂಭಾಗದ ಸಣ್ಣ ಅಕ್ಷರ ಓದಬೇಕು. 'ಪ್ಯಾಕ್ಡ್ ಬೈ' ಮಾತ್ರ ಇದ್ದರೆ ಕಾಳು ಎಲ್ಲಿಯದೆಂದು ಅಂಗಡಿಯವರನ್ನು ಕೇಳಬೇಕು. ಸಾಂಬಾರ ಪದಾರ್ಥದ ಪೊಟ್ಟಣಕ್ಕೆ ಬೆಳೆದ ದೇಶದ ಹೆಸರನ್ನು ಕಡ್ಡಾಯ ಮಾಡಬೇಕೆಂದು ನಮ್ಮ ಸಹಕಾರ ಸಂಘಗಳು ಮಹಾಸಭೆಯಲ್ಲಿ ಠರಾವು ಮಾಡಿ ಸಂಸದರ ಕೈಗೆ ಕೊಡಬೇಕು. ಮೂರನೆಯದಕ್ಕೆ ಯಾವ ಕಾನೂನೂ ಬೇಡ. 'ಮಲಬಾರ್ ಪೆಪ್ಪರ್' ಎಂಬ ಹೆಸರಿಗೆ ಭೌಗೋಳಿಕ ಸೂಚಿಕೆಯ ರಕ್ಷಣೆ ಈಗಾಗಲೇ ಉಂಟು. ಬೆಳೆದವರು ನಾವು, ಊರಿನ ಹೆಸರೂ ನಮ್ಮದು. ನಮ್ಮ ಸಂಘಗಳೇ ಪೊಟ್ಟಣ ಮಾಡಿ, ಬೆಳೆದ ಊರನ್ನು ಕನ್ನಡದಲ್ಲೂ ಮಲಯಾಳದಲ್ಲೂ ದಪ್ಪ ಅಕ್ಷರದಲ್ಲಿ ಬರೆದು ಮಾರಲಿ. ಊರಿನ ಹೆಸರಿರುವ ಪೊಟ್ಟಣ ಒಂದು ಬಂದರೆ, ಹೆಸರಿಲ್ಲದ ಪೊಟ್ಟಣವನ್ನು ಜನ ತಾವಾಗಿಯೇ ಪ್ರಶ್ನಿಸುತ್ತಾರೆ.