ಚೀಲದ ತೂಕ, ಅರಿವಿನ ತೂಕ

ಮಳೆಗಾಲ ಮುಗಿದು ಕಾಡಿನ ಕಾಲುಹಾದಿಗಳು ತೆರೆದುಕೊಳ್ಳುವ ಹೊತ್ತಿಗೆ ಮಲೆನಾಡಿನ ಊರುಗಳಿಗೆ ಪ್ರತಿವರ್ಷವೂ ಹೊಸ ಮುಖಗಳು ಬರುತ್ತವೆ. ಬೆನ್ನ ಮೇಲೆ ದೊಡ್ಡ ಚೀಲ, ಕಾಲಿಗೆ ದುಬಾರಿ ಬೂಟು, ಸೊಂಟದಲ್ಲಿ ಹೊಳೆಯುವ ಚಾಕು. ಇವರಲ್ಲಿ ಹೆಚ್ಚಿನವರು ಬೆಟ್ಟ ಹತ್ತಿ ಸಂಜೆಗೆ ಇಳಿದು ಹೋಗುವವರು. ಕೆಲವರ ಮನಸ್ಸಿನಲ್ಲಿ ಮಾತ್ರ ಬೇರೆಯೇ ಕನಸಿರುತ್ತದೆ. ಊರು, ಉದ್ಯೋಗ, ಬಂಧುಬಳಗ ಎಲ್ಲವನ್ನೂ ಬಿಟ್ಟು ತಿಂಗಳುಗಟ್ಟಲೆ ಕಾಡಿನಲ್ಲಿ ಒಂಟಿಯಾಗಿ ಬದುಕಬೇಕೆಂಬ ಹಂಬಲ ಅವರದು. ಯಾವ ಚಾಕು ಒಳ್ಳೆಯದು, ಯಾವ ಡೇರೆ ಹಗುರ, ಬೆಂಕಿ ಹೊತ್ತಿಸಲು ಯಾವ ಸಾಧನ ಬೇಕು ಎಂಬ ಪಟ್ಟಿಗಳು ಮೊಬೈಲಿನ ಪರದೆಯ ಮೇಲೆ ಬೇಕಾದಷ್ಟು ಸಿಗುತ್ತವೆ. ಪಟ್ಟಿಯಲ್ಲಿರುವುದೆಲ್ಲ ಕೊಂಡರೆ ಕಾಡಿನ ಬದುಕು ಕೈವಶವಾಯಿತೆಂಬ ಭ್ರಮೆಯೂ ಅವುಗಳ ಜೊತೆಗೇ ಮಾರಾಟವಾಗುತ್ತಿದೆ.

ಆ ಹಂಬಲವನ್ನು ಹಗುರವಾಗಿ ಕಾಣಬೇಕಿಲ್ಲ. ಕೊಳ್ಳುಬಾಕ ಬದುಕಿನಿಂದ ಬೇಸತ್ತ ಎಳೆಯರು ಕಾಡಿನ ಕಡೆಗೆ ನೋಡುವುದು ಸಹಜ. ಆದರೆ ಕೊಳ್ಳುವುದರಿಂದ ಬಿಡುಗಡೆ ಬಯಸುವವರು ಕೊಳ್ಳುವ ಪಟ್ಟಿಯಿಂದಲೇ ಆರಂಭಿಸುವುದು ವಿಚಿತ್ರ. ಈ ವೈಚಿತ್ರ್ಯಕ್ಕೆ ಜೀವವೇ ಬೆಲೆಯಾಗಬಹುದು ಎಂಬುದಕ್ಕೆ ಅಮೆರಿಕದ ಅಲಾಸ್ಕಾ ಪ್ರಾಂತ್ಯದ ಎರಡು ಬದುಕುಗಳು ಸಾಕ್ಷಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಉಚಿತ.

ಮೊದಲನೆಯದು ಕ್ರಿಸ್ಟೋಫರ್ ಮೆಕ್ಯಾಂಡ್ಲೆಸ್ ಎಂಬ ತರುಣನದು. 1990ರಲ್ಲಿ ಪದವಿ ಪಡೆದ ಈತ ಎರಡು ವರ್ಷ ಅಲೆದಾಡಿ, 1992ರ ಏಪ್ರಿಲ್ 28ರಂದು ಅಲಾಸ್ಕಾದ ಸ್ಟ್ಯಾಂಪೀಡ್ ಹಾದಿಯಲ್ಲಿ ಹಿಮದ ನಡುವೆ ಒಂಟಿಯಾಗಿ ನಡೆದುಹೋದ. ಅವನ ಬಳಿ ಸಣ್ಣ ಗುಂಡಿನ ಒಂದು ಬಂದೂಕು, ಸುಮಾರು ನಾಲ್ಕೂವರೆ ಕಿಲೋ ಅಕ್ಕಿ, ಕೆಲವು ಪುಸ್ತಕಗಳಿದ್ದವು. ಹಾದಿಯ ಬಾಯಿಯವರೆಗೆ ತನ್ನ ವಾಹನದಲ್ಲಿ ಕರೆತಂದ ಅಪರಿಚಿತ ವ್ಯಕ್ತಿ, ಇವನ ಸಿದ್ಧತೆ ಸಾಲದೆಂದು ಕಂಡು ತನ್ನ ರಬ್ಬರ್ ಬೂಟುಗಳನ್ನೇ ಕೊಟ್ಟು ಕಳುಹಿಸಬೇಕಾಯಿತು. ಕಾಡಿನಲ್ಲಿ ಪಾಳುಬಿದ್ದಿದ್ದ ಹಳೆಯ ಬಸ್ಸೊಂದು ಅವನಿಗೆ ಮನೆಯಾಯಿತು. ಜೂನ್ ತಿಂಗಳಲ್ಲಿ ದೊಡ್ಡದೊಂದು ಕಡವೆಜಾತಿಯ ಪ್ರಾಣಿಯನ್ನು ಹೊಡೆದನಾದರೂ ಮಾಂಸವನ್ನು ತೆಳುವಾಗಿ ಸೀಳಿ ಗಾಳಿಗೆ ಒಣಗಿಸುವ ಅಲ್ಲಿನ ಪದ್ಧತಿ ತಿಳಿಯದೆ ಹೊಗೆ ಹಾಕಲು ಹೋದ. ಮಾಂಸಕ್ಕೆ ಹುಳ ಬಿತ್ತು. ಜುಲೈ ಮೊದಲ ವಾರ ಊರಿಗೆ ಮರಳಲು ಹೊರಟಾಗ, ಏಪ್ರಿಲ್‌ನಲ್ಲಿ ಸುಲಭವಾಗಿ ದಾಟಿದ್ದ ಟೆಕ್ಲಾನಿಕಾ ನದಿ ಕರಗಿದ ಹಿಮದ ನೀರಿನಿಂದ ಉಕ್ಕಿ ಹರಿಯುತ್ತಿತ್ತು. ಅವನು ಬಸ್ಸಿಗೆ ಹಿಂದಿರುಗಿದ. ಅದೇ ನದಿಯ ಮೇಲೆ, ಅಲ್ಲಿಂದ ಒಂದು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ, ತಂತಿಹಗ್ಗಕ್ಕೆ ತೂಗುಹಾಕಿ ಕೈಯಿಂದ ಎಳೆದು ದಾಟುವ ತೊಟ್ಟಿಲೊಂದಿತ್ತು. ಅದನ್ನು ತೋರಿಸಬಲ್ಲ ಭೂಪಟ ಅವನ ಬಳಿ ಇರಲಿಲ್ಲ. ದಿನಚರಿಯ ಕೊನೆಯ ಲೆಕ್ಕ 113ನೇ ದಿನಕ್ಕೆ ನಿಂತಿತು. ಸೆಪ್ಟೆಂಬರ್‌ನಲ್ಲಿ ಶವ ಸಿಕ್ಕಿದಾಗ ದೇಹದ ತೂಕ 30 ಕಿಲೋದಷ್ಟಿತ್ತು. ಸಾವಿಗೆ ಹಸಿವು ಕಾರಣವೆಂದು ದಾಖಲಾಯಿತು. ಅವನು ತಿಂದ ಕಾಡುಬೀಜಗಳ ಪಾತ್ರದ ಬಗ್ಗೆ ಚರ್ಚೆ ನಡೆದೇ ಇದೆ.

ಅಕ್ಕಿಯ ಲೆಕ್ಕವನ್ನು ರೈತರ ಮಕ್ಕಳು ಕ್ಷಣದಲ್ಲಿ ಮಾಡಬಲ್ಲರು. ಒಂದು ಕಿಲೋ ಅಕ್ಕಿಯಲ್ಲಿ ಸುಮಾರು 3,500 ಕಿಲೋ ಕ್ಯಾಲೊರಿ ಶಕ್ತಿಯಿದೆ. ಕಾಡಿನಲ್ಲಿ ದುಡಿಯುವ ದೇಹಕ್ಕೆ ದಿನಕ್ಕೆ ಸುಮಾರು 3,000 ಬೇಕು. ನಾಲ್ಕೂವರೆ ಕಿಲೋ ಅಕ್ಕಿ ಹೊಟ್ಟೆತುಂಬ ಉಂಡರೆ ಐದೇ ದಿನ. ಅಳಿಲು, ಹಕ್ಕಿಗಳಂಥ ಸಣ್ಣ ಬೇಟೆಯಲ್ಲಿ ಕೊಬ್ಬು ತೀರ ಕಡಿಮೆ. ಅದನ್ನು ಹುಡುಕಿ ಅಲೆಯುವುದಕ್ಕೇ ದೇಹದ ಶಕ್ತಿ ಕರಗುತ್ತದೆ. ಇದೇ ಲೆಕ್ಕವನ್ನು ಒಂದು ವರ್ಷಕ್ಕೆ ಹಿಗ್ಗಿಸಿದರೆ ಒಬ್ಬನಿಗೆ ಮೂರು ಕ್ವಿಂಟಾಲಿಗೂ ಮಿಕ್ಕಿ ಒಣಧಾನ್ಯ ಬೇಕಾಗುತ್ತದೆ. ಯಾವ ಬೆನ್ನಚೀಲವೂ ಅದನ್ನು ಹೊರಲಾರದು. ಆದ್ದರಿಂದ ದೀರ್ಘಕಾಲದ ಕಾಡುವಾಸ ಚೀಲದ ಪ್ರಶ್ನೆಯಾಗಿ ಉಳಿಯುವುದೇ ಇಲ್ಲ. ಅದು ಬೆಳೆ, ದಾಸ್ತಾನು, ನೆರೆಹೊರೆಗಳ ಪ್ರಶ್ನೆಯಾಗುತ್ತದೆ.

ಎರಡನೆಯ ಬದುಕು ಇದನ್ನೇ ಹೇಳುತ್ತದೆ. ರಿಚರ್ಡ್ ಪ್ರೆನೆಕಿ 1916ರಲ್ಲಿ ಹುಟ್ಟಿದವರು. ಬಡಗಿ ಕೆಲಸ ಬಲ್ಲವರು, ಡೀಸೆಲ್ ಯಂತ್ರಗಳ ರಿಪೇರಿ ಮಾಡುತ್ತಿದ್ದವರು. 1968ರಲ್ಲಿ, ಐವತ್ತು ದಾಟಿದ ಮೇಲೆ, ಅಲಾಸ್ಕಾದ ಟ್ವಿನ್ ಲೇಕ್ಸ್ ಎಂಬ ಸರೋವರಗಳ ದಡಕ್ಕೆ ಹೋಗಿ ನೆಲೆಸಿದರು. ಹಿಂದಿನ ಬೇಸಿಗೆಯಲ್ಲಿಯೇ ಅಲ್ಲಿಗೆ ಬಂದು ಜಾಗ ನೋಡಿ, ಮರ ಕಡಿದು, ದಿಮ್ಮಿಗಳನ್ನು ಒಣಗಲು ಬಿಟ್ಟು ಹೋಗಿದ್ದರು. ಮನೆ ಕಟ್ಟಿ ಮುಗಿಯುವವರೆಗೆ ಗೆಳೆಯರೊಬ್ಬರ ಮನೆಯಲ್ಲಿ ತಂಗಿದರು. ಹಲವು ಉಪಕರಣಗಳ ಲೋಹದ ಭಾಗವನ್ನಷ್ಟೇ ಒಯ್ದು ಹಿಡಿಗಳನ್ನು ಅಲ್ಲಿಯ ಮರದಿಂದಲೇ ಮಾಡಿಕೊಂಡರು. ಬಾಗಿಲಿನ ತಿರುಗಣಿಗಳೂ ಮರದವೇ. ಕರಡಿಗಳಿಗೆ ಸಿಗದಂತೆ ಕಂಬಗಳ ಮೇಲೆ ಉಗ್ರಾಣ ಕಟ್ಟಿದರು, ತರಕಾರಿ ಮಡಿ ಮಾಡಿದರು, ಕೆರೆಯಲ್ಲಿ ಮೀನು ಹಿಡಿದರು. ಇಷ್ಟಾದರೂ ಸಣ್ಣ ವಿಮಾನದ ಚಾಲಕರೊಬ್ಬರು ಆಗಾಗ ಬಂದು ದವಸಧಾನ್ಯ, ಕಾಗದಪತ್ರಗಳನ್ನು ತಲುಪಿಸುತ್ತಿದ್ದರು. ಅದನ್ನು ಅವರು ಸೋಲೆಂದು ಭಾವಿಸಲಿಲ್ಲ. ಹೀಗೆ ಸುಮಾರು ಮೂವತ್ತು ವರ್ಷ ಅಲ್ಲಿ ಬಾಳಿ, ಮುಪ್ಪಿನಲ್ಲಿ ಊರಿಗೆ ಮರಳಿ, 2003ರಲ್ಲಿ ತೀರಿಕೊಂಡರು.

ಇಬ್ಬರೂ ಕಾಡನ್ನು ಪ್ರೀತಿಸಿದವರೇ. ಒಬ್ಬನು ಕಾಡು ತನ್ನನ್ನು ಸಲಹುತ್ತದೆಂದು ನಂಬಿದ. ಇನ್ನೊಬ್ಬರು ಕಾಡಿಗೆ ಯಾರ ಮೇಲೂ ವಿಶೇಷ ಮಮತೆಯಿಲ್ಲವೆಂದು ತಿಳಿದು ಸಿದ್ಧರಾದರು. ದುರಂತವೆಂದರೆ ಲೋಕ ಹೆಚ್ಚು ಕೊಂಡಾಡಿದ್ದು ಮೊದಲನೆಯವನನ್ನು. ಪುಸ್ತಕ, ಸಿನಿಮಾಗಳಿಂದ ಪ್ರಸಿದ್ಧವಾದ ಆ ಬಸ್ಸನ್ನು ಕಾಣಲು ಯಾತ್ರಿಕರು ಮುಗಿಬಿದ್ದರು. ಅದೇ ನದಿ ದಾಟಲು ಹೋಗಿ 2010ರಲ್ಲಿ ಒಬ್ಬರು, 2019ರಲ್ಲಿ ಇನ್ನೊಬ್ಬರು ಮಹಿಳೆ ಪ್ರಾಣ ಬಿಟ್ಟರು. ಕೊನೆಗೆ 2020ರ ಜೂನ್‌ನಲ್ಲಿ ಹೆಲಿಕಾಪ್ಟರಿನಿಂದ ಬಸ್ಸನ್ನೇ ಎತ್ತಿ ಸಾಗಿಸಬೇಕಾಯಿತು.

ಮಲೆನಾಡಿಗೆ ಅಲಾಸ್ಕಾದ ಹಿಮವಿಲ್ಲ. ಅಪಾಯಗಳಿಗೆ ಕೊರತೆಯೂ ಇಲ್ಲ. ಪರದೇಶದ ಪಟ್ಟಿಯನ್ನು ಇಲ್ಲಿಗೆ ತಂದು ಹಾಕಿದರೆ ಬೇಕಾದದ್ದು ಬಿಟ್ಟುಹೋಗಿ ಬೇಡವಾದದ್ದೇ ತುಂಬುತ್ತದೆ. ಇಲ್ಲಿ ಮನುಷ್ಯನನ್ನು ಮೊದಲು ಕಾಡುವುದು ಒದ್ದೆ. ಹತ್ತು ಡಿಗ್ರಿಯ ಆಸುಪಾಸಿನ ಹವೆಯಲ್ಲೂ ಒದ್ದೆ ಬಟ್ಟೆ ಮತ್ತು ಗಾಳಿ ಸೇರಿದರೆ ದೇಹದ ಬಿಸಿ ಅಪಾಯದ ಮಟ್ಟಕ್ಕೆ ಇಳಿಯಬಲ್ಲದು. ನೆನೆದ ಹತ್ತಿಯ ಪ್ಯಾಂಟು ಆಗ ಶತ್ರು. ನೆನೆದರೂ ಒಂದಿಷ್ಟು ಬಿಸಿ ಉಳಿಸುವ ಉಣ್ಣೆಯ ಗುಣವನ್ನು ಅರಿತೇ ಹಿರಿಯರು ಕಂಬಳಿಕೊಪ್ಪೆ ಹೊದ್ದು ಗದ್ದೆಗಿಳಿಯುತ್ತಿದ್ದರು. ಒಣ ಬಟ್ಟೆಯ ಒಂದು ಜೊತೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡುವುದು, ಒಂದು ಟಾರ್ಪಾಲು, ಹಗ್ಗ, ಟಾರ್ಚು, ಸೀಟಿ, ನೀರು ಕುದಿಸಲು ಒಂದು ಪಾತ್ರೆ, ಆ ಪ್ರದೇಶದ ನಕಾಶೆ, ಬೇಯಿಸದೆ ತಿನ್ನಬಹುದಾದ ಅವಲಕ್ಕಿ ಬೆಲ್ಲ: ಇವುಗಳ ಮುಂದೆ ಸಾವಿರಾರು ರೂಪಾಯಿಯ ಚಾಕು ಅಲಂಕಾರವಷ್ಟೆ. ಹಳ್ಳದ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುದಿಸದೆ ಕುಡಿಯಬಾರದು. ಒಂದು ನಿಮಿಷ ಚೆನ್ನಾಗಿ ಕೊತಕೊತ ಕುದಿದರೆ ಸಾಕು. ಯಾವ ಸಾಧನವನ್ನೇ ಆದರೂ ಮನೆಯ ಹಿತ್ತಲಲ್ಲಿ, ಮಳೆಯಲ್ಲಿ, ಕತ್ತಲಲ್ಲಿ ಒಮ್ಮೆ ಬಳಸಿ ನೋಡದೆ ಕಾಡಿಗೆ ಒಯ್ಯುವುದು ಮೂರ್ಖತನ.

ಕಾಯಿಲೆಗಳ ವಿಚಾರದಲ್ಲಂತೂ ಸ್ಥಳೀಯ ಅರಿವಿಗೆ ಬದಲಿಯಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳ ಮೂಲಕ ಹರಡುತ್ತದೆ; ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಚಾರಣಿಗರಿಗೆ ಪ್ರಿಯವಾದ ಒಣ ಋತುವಿನಲ್ಲಿಯೇ, ಅದರ ಕಾಟ ಹೆಚ್ಚು. ಅದಕ್ಕೆಂದೇ ಇರುವ ಔಷಧಿಯಿಲ್ಲ. ಮಂಗ ಸತ್ತುಬಿದ್ದ ಕಾಡಿಗೆ ಹೋಗಬಾರದೆಂದು ಊರಿನ ಮಕ್ಕಳಿಗೂ ಗೊತ್ತು. ಹೊರಗಿನವರ ಪಟ್ಟಿಯಲ್ಲಿ ಅದು ಇರುವುದಿಲ್ಲ. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ವಿಷ ಹೀರುವುದು, ಬಿಗಿಯಾಗಿ ಕಟ್ಟುವುದು ಎಲ್ಲವೂ ಹಾನಿಕರ. ಕಚ್ಚಿದ ಅಂಗವನ್ನು ಅಲುಗಾಡಿಸದೆ ಆಸ್ಪತ್ರೆ ತಲುಪುವುದೊಂದೇ ದಾರಿ. ಆಸ್ಪತ್ರೆಗೆ ಎಷ್ಟು ಗಂಟೆಯ ಹಾದಿ ಎಂಬುದೇ ಒಂಟಿವಾಸಿ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ. ಕಾಡುಗೆಣಸುಗಳಲ್ಲಿ ಕೆಲವು ಹಲವು ಸಲ ಬೇಯಿಸಿ, ಹರಿವ ನೀರಿನಲ್ಲಿ ನೆನೆಹಾಕದ ಹೊರತು ವಿಷವೇ. ಪುಸ್ತಕದ ಚಿತ್ರ ನೋಡಿ ಗೆಡ್ಡೆ ಅಗೆಯುವವನಿಗೆ ಅದು ತಿಳಿಯದು. ಜುಲೈ ತಿಂಗಳ ಜಲಪಾತಗಳ ಅಂಚಿನ ಬಂಡೆಗಳ ಮಾತು ಹೇಳುವುದೇ ಬೇಡ. 2023ರ ಜುಲೈನಲ್ಲಿ ಕೊಲ್ಲೂರಿನ ಬಳಿಯ ಅರಿಶಿನಗುಂಡಿಯಲ್ಲಿ ಯುವಕನೊಬ್ಬ ಕ್ಯಾಮೆರಾದ ಮುಂದೆಯೇ ಜಾರಿ ನೀರುಪಾಲಾದುದನ್ನು ನಾಡೆಲ್ಲ ನೋಡಿದೆ.

ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಅನುಮತಿಯಿಲ್ಲದೆ ಪ್ರವೇಶವಿಲ್ಲ. ಅಲ್ಲಿ ಬೆಂಕಿ ಹಚ್ಚುವುದು, ಬೇಟೆಯಾಡುವುದು ಅಪರಾಧ. ಪರವಾನಗಿಯಿಲ್ಲದ ಉಪಗ್ರಹ ಫೋನೂ ಈ ದೇಶದಲ್ಲಿ ಅಪರಾಧವೇ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದ ಹಾದಿಯಲ್ಲಿ ಜನಜಂಗುಳಿ ನೆರೆದ ಮೇಲೆ, ಮುಂಗಡ ನೋಂದಣಿ ವ್ಯವಸ್ಥೆಯಿಲ್ಲದ ಹಾದಿಗಳಲ್ಲಿ ಚಾರಣವನ್ನು ಸರ್ಕಾರ ತಡೆಹಿಡಿಯಿತು. ಈ ನಿಯಮಗಳನ್ನು ಕಿರಿಕಿರಿ ಎಂದು ಬಗೆಯುವವರು ಒಂದನ್ನು ಯೋಚಿಸಬೇಕು. ದಾರಿ ತಪ್ಪಿದವನನ್ನು ಹುಡುಕಲು ರಾತ್ರಿ ಟಾರ್ಚು ಹಿಡಿದು ಕಾಡಿಗಿಳಿಯುವವರು ಯಾರು? ಅರಣ್ಯ ರಕ್ಷಕರು ಮತ್ತು ಕಾಡಂಚಿನ ಕೂಲಿಕಾರರು. ಆನೆ, ಕಾಟಿ, ಇಂಬಳ, ಉಣುಗು ಅವರನ್ನೂ ಬಿಡುವುದಿಲ್ಲ. ಒಬ್ಬನ ಹುಚ್ಚು ಸಾಹಸಕ್ಕೆ ಹತ್ತು ಮನೆಗಳವರು ಜೀವ ಒತ್ತೆಯಿಡಬೇಕಾಗುತ್ತದೆ. ಸಾಹಸ ಮತ್ತು ಹುಂಬತನದ ನಡುವಣ ಗೆರೆ ಇರುವುದು ಇಲ್ಲಿಯೇ: ತನ್ನ ತಪ್ಪಿಗೆ ಬೆಲೆ ತೆರುವವರು ಯಾರೆಂದು ಸಾಹಸಿ ಮೊದಲೇ ಎಣಿಸುತ್ತಾನೆ, ಹುಂಬ ಎಣಿಸುವುದಿಲ್ಲ.

ಊರಿನವರೂ ಕೈಕಟ್ಟಿ ಕೂರುವಂತಿಲ್ಲ. ಕಾಡು ಹೊಗುವವರು ಎಲ್ಲಿಗೆ, ಎಷ್ಟು ದಿನಕ್ಕೆ, ಯಾವ ಹಾದಿಯಿಂದ ಹೋಗುತ್ತಾರೆಂಬುದನ್ನು ಕೊನೆಯ ಮನೆಯಲ್ಲಿ ಬರೆದಿಟ್ಟು ಹೋಗುವ ಪದ್ಧತಿಯನ್ನು ಪ್ರತಿ ಊರೂ ರೂಢಿಸಬಹುದು. ಅನುಮತಿ ಪತ್ರವಿಲ್ಲದವರಿಗೆ ದಾರಿ ತೋರಿಸುವುದಿಲ್ಲವೆಂದು ಯುವಕ ಸಂಘಗಳು ತೀರ್ಮಾನಿಸಬಹುದು. ಕಾಲೇಜುಗಳ ಚಾರಣ ತಂಡಗಳು ಹೊಳೆ ಉಕ್ಕುವ ತಿಂಗಳುಗಳಲ್ಲಿ ಹೊರಡದಿರುವುದು, ಸ್ಥಳೀಯ ಮಾರ್ಗದರ್ಶಕರಿಗೆ ನ್ಯಾಯವಾದ ಕೂಲಿ ಕೊಟ್ಟು ಜೊತೆಗೆ ಕರೆದೊಯ್ಯುವುದು ಕಷ್ಟದ ಕೆಲಸವಲ್ಲ.

ಇನ್ನೊಂದು ಚಿಂತೆ ಊರಿನ ಮಕ್ಕಳದೇ. ಯಾವ ಗೆಡ್ಡೆ ತಿನ್ನಬಹುದು, ಯಾವ ಹಳ್ಳ ಯಾವ ತಿಂಗಳಲ್ಲಿ ದಾಟಬಹುದು, ಮುರುಗಲ ಸಿಪ್ಪೆಯನ್ನು ಹೇಗೆ ಒಣಗಿಸಬೇಕು, ಹಲಸಿನ ಹಪ್ಪಳ ವರ್ಷವಿಡೀ ಹೇಗೆ ಕೆಡದಿರುತ್ತದೆ ಎಂಬ ತಿಳಿವಳಿಕೆ ಅಜ್ಜಿಯರ ಜೊತೆಗೇ ಮರೆಯಾಗುತ್ತಿದೆ. ದೀರ್ಘಕಾಲ ಕಾಡಿನ ನಡುವೆ ಬದುಕಿ ತೋರಿಸಿದವರು ಪರದೆಯ ಮೇಲಿಲ್ಲ. ಕಣಜದಲ್ಲಿ ಭತ್ತ, ಅಟ್ಟದಲ್ಲಿ ಸೌದೆ, ಭರಣಿಯಲ್ಲಿ ಮಿಡಿ ಉಪ್ಪಿನಕಾಯಿ, ಕೂಗಿದರೆ ಓಗೊಡುವ ನೆರೆಮನೆ ಇಟ್ಟುಕೊಂಡು ತಲೆಮಾರುಗಳನ್ನು ದಾಟಿದವರು ಮಲೆನಾಡಿನ ಮನೆಗಳಲ್ಲಿಯೇ ಇದ್ದಾರೆ. ಕಾಡಿಗೆ ಹೊರಡುವ ಹಂಬಲವುಳ್ಳ ವಿದ್ಯಾರ್ಥಿ ಚಾಕು ಕೊಳ್ಳುವ ಮುಂಚೆ ಅಂಥ ಒಂದು ಮನೆಯ ಜಗಲಿಯಲ್ಲಿ ಒಂದು ಮಳೆಗಾಲ ಕಳೆಯಲಿ. ಕಲಿತದ್ದಕ್ಕೆ ತೂಕವಿಲ್ಲ, ಎಷ್ಟು ಬೇಕಾದರೂ ಹೊತ್ತೊಯ್ಯಬಹುದು.