ನೇಕಾರ ಕಾಯ್ದ ನೆರೆಯವನು



ಪಾಬ್ಲೊ ಲರ್ರೈನ್ ನಿರ್ದೇಶಿಸಿದ, 2008ರಲ್ಲಿ ತೆರೆಕಂಡ ಚಿಲಿ ದೇಶದ ‘ಟೋನಿ ಮನೇರೊ’ ಚಲನಚಿತ್ರವು ಮನಸ್ಸನ್ನು ಕಲಕುವಂಥದು. ಕಾಲ 1978, ಪಿನೊಚೆಟ್‌ನ ಸರ್ವಾಧಿಕಾರದ ದಿನಗಳು. ಐವತ್ತು ದಾಟಿದ ರಾವುಲ್ ಎಂಬವನಿಗೆ ಒಂದೇ ಹುಚ್ಚು: ಅಮೆರಿಕದ ಸಿನಿಮಾವೊಂದರ ನರ್ತಕನಂತೆಯೇ ತಾನೂ ಆಗಬೇಕು. ಆ ಹುಚ್ಚಿಗಾಗಿ, ತಾನೇ ಕೈಹಿಡಿದು ಮನೆ ಮುಟ್ಟಿಸಿದ ಮುದುಕಿಯನ್ನು ಕೊಂದು, ಅವಳ ಟೆಲಿವಿಷನ್ ಹೊತ್ತೊಯ್ಯುತ್ತಾನೆ. ಕೇಳುವವರಿಲ್ಲ. ಸರ್ಕಾರದ ಬೇಹುಗಾರರಿಗೆ ಕರಪತ್ರ ಹಂಚುವವರನ್ನು ಹಿಡಿಯುವುದೇ ಕೆಲಸ. ಮೇಲಿನವನಿಗೆ ಕಾನೂನಿನ ಹಂಗಿಲ್ಲವೆಂದಾಗ ಕೆಳಗಿನವನೂ ಅದೇ ಪಾಠ ಕಲಿಯುತ್ತಾನೆ.

ಉಮರ್ಗಾ, ನಿಲಂಗಾ, ಉದಗೀರದವರಾದ ನಾವು ಈ ಪಾಠಕ್ಕಾಗಿ ಚಿಲಿಯವರೆಗೆ ಹೋಗಬೇಕಾಗಿಲ್ಲ. 1948ರವರೆಗೆ ನಮ್ಮ ಸೀಮೆ ನಿಜಾಮನ ಆಳ್ವಿಕೆಯಲ್ಲಿತ್ತು. ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಗೂ, ನಿಲಂಗಾ ಮತ್ತು ಉದಗೀರ ಬೀದರ ಜಿಲ್ಲೆಗೂ ಸೇರಿದ್ದವು. ಲಾತೂರಿನಲ್ಲಿ ವಕೀಲನಾಗಿದ್ದ ಕಾಸಿಂ ರಜ್ವಿಗೂ ಒಂದು ಹುಚ್ಚು ಹಿಡಿದಿತ್ತು. ದಿಲ್ಲಿಯ ಕೆಂಪುಕೋಟೆಯ ಮೇಲೂ ನಿಜಾಮನ ಬಾವುಟ ಹಾರಿಸುವ ಮಾತಾಡುತ್ತಿದ್ದನು. ಅವನ ರಜಾಕಾರರು ಹಳ್ಳಿಗಳನ್ನು ಸುಲಿದರು, ಸುಟ್ಟರು, ಕೊಂದರು. ನಿಜಾಮನ ಸರ್ಕಾರ ಅವರನ್ನು ತಡೆಯಲಿಲ್ಲ.

1948ರ ಸೆಪ್ಟೆಂಬರ್ 17ರಂದು ನಿಜಾಮನು ಶರಣಾದನು, ಹಿಂಸೆ ಶರಣಾಗಲಿಲ್ಲ. ಸೇಡು ನೆರೆಯ ಮುಸ್ಲಿಮರ ಮನೆಬಾಗಿಲು ತಟ್ಟಿತು. ರಜಾಕಾರರ ಮುಖವನ್ನೇ ಕಾಣದವರೂ ಬಲಿಯಾದರು. ನೆಹರೂ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲ್ ತಂಡವು ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತರೆಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ಜಿಲ್ಲೆಗಳು ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ. ಆ ವರದಿಯನ್ನು ಸರ್ಕಾರವು ದಶಕಗಳ ಕಾಲ ಪ್ರಕಟಿಸಲಿಲ್ಲ.

ಆದರೆ ಅದೇ ವರದಿಯಲ್ಲಿ ದುಡಿಯುವವರು ಬಾಯಿಪಾಠ ಮಾಡಬೇಕಾದ ಸಂಗತಿಯೂ ಇದೆ. ಕೆಲವೆಡೆ ಹಿಂದೂ ನೇಕಾರರು ಮುಸ್ಲಿಮ್ ನೇಕಾರರನ್ನು ತಮ್ಮವರಿಂದಲೇ ಕಾಪಾಡಿದರು. ಅದಕ್ಕಾಗಿ ಪ್ರಾಣವನ್ನೂ ತೆತ್ತರು. ಅಪಹೃತರಾದ ಹೆಣ್ಣುಮಕ್ಕಳನ್ನು ಮರಳಿ ಮನೆ ಸೇರಿಸಲು ಅನೇಕ ಹಿಂದೂಗಳು ನೆರವಾದರು. ನೂಲಿಗೆ ಜಾತಿಯಿಲ್ಲವೆಂಬುದನ್ನು ಮಗ್ಗದ ಮುಂದೆ ಕುಳಿತವರು ಬಲ್ಲರು.

ಪ್ರತಿವರ್ಷ ಸೆಪ್ಟೆಂಬರ್ 17ರಂದು ಇಲ್ಲಿ ಮುಕ್ತಿದಿನದ ಧ್ವಜ ಏರುತ್ತದೆ. ಏರಲಿ, ನಾವೂ ವಂದಿಸುತ್ತೇವೆ. ಆದರೆ ಅರ್ಧ ನೆನಪು ಮುಂದಿನ ಸೇಡಿಗೆ ಬೀಜ. ರಜಾಕಾರರ ಕೈಯಿಂದ ಸತ್ತವರನ್ನೂ, ಆಮೇಲೆ ಸತ್ತವರನ್ನೂ ಒಂದೇ ಉಸಿರಿನಲ್ಲಿ ನೆನೆಯೋಣ. ನಾಳೆ ಯಾರಾದರೂ ನಮ್ಮನ್ನು ನೆರೆಯವನ ವಿರುದ್ಧ ಕೂಗಿ ಕರೆದರೆ, “ಇವನು ನಮ್ಮ ಜೊತೆ ದುಡಿಯುವವನು” ಎಂದು ಬಾಗಿಲಿಗೆ ಅಡ್ಡ ನಿಲ್ಲುವ ಧೈರ್ಯ ನಮಗಿರಲಿ.